ಹೇಳಿಕೊಟ್ಟ ಅಳು

2016ರ ಬೇಸಿಗೆಯ ಒಂದು ಶುಕ್ರವಾರ, ಕಲಬುರಗಿಯಿಂದ ಹೊರಡುವ ದಿನಪತ್ರಿಕೆಯೊಂದರ ಸಿನಿಮಾ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಒಂದು ವಿಮರ್ಶೆ ಪ್ರಕಟವಾಯಿತು. ಅದರಲ್ಲಿ ಒಂದು ಪ್ಯಾರಾ ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಬರೆದೆ. ಆ ಪ್ಯಾರಾ ಓದಿದ ಮೇಲೆ ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದ ಸುಗಲಾಬಾಯಿ ಎಂಬ ಹೆಣ್ಣುಮಗಳ ಬಗ್ಗೆ ಊರಿನವರು ಆಡಬಾರದ ಮಾತು ಆಡಿದರು, ಸುಗಲಾಬಾಯಿ ಸಾವಿನ ಮನೆಯಲ್ಲಿ ಬಾಯಿ ತೆರೆದು ಅಳುವುದನ್ನೇ ಬಿಟ್ಟರು.

ಸುದ್ದಿ ಇಷ್ಟೇ. ಉಳಿದದ್ದು ವಿವರ — ಆದರೆ ವಿವರದಲ್ಲಿಯೇ ನಾನು ಇದ್ದೇನೆ, ಹಾಗಾಗಿ ಬರೆಯಬೇಕು.

ನಾನು ಆ ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಸಿನಿಮಾ ಪುಟ ನನ್ನ ಪಾಲಿಗೆ ಬಂದದ್ದು ಅದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಕೆಲಸ ಬಂದಮೇಲೆ ಶಿಸ್ತಾಗಿ ಮಾಡಿದೆ. ಚಿತ್ರ ಪೂರ್ತಿ ನೋಡದೆ ಬರೆಯಲಿಲ್ಲ, ಯಾವ ನಿರ್ಮಾಪಕರ ಊಟಕ್ಕೂ ಹೋಗಲಿಲ್ಲ, ವಿಶೇಷಣ ಕಡಿಮೆ ಬಳಸಿದೆ. ನನ್ನ ವಿಮರ್ಶೆಯಲ್ಲಿ ಭಾವುಕತೆ ಇರುವುದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಮಾತು ನನಗೆ ಇಷ್ಟವಾಗಿತ್ತು — ಬೇಕಾದದ್ದಕ್ಕಿಂತ ಹೆಚ್ಚು ಇಷ್ಟವಾಗಿತ್ತು.

ಮೊದಲು ನನ್ನ ಅಭಿಪ್ರಾಯಗಳನ್ನು ಹೇಳಿಬಿಡುತ್ತೇನೆ. ಅವು ಸುಳ್ಳಾಗಿರಲಿಲ್ಲ, ಇವತ್ತಿಗೂ ಬದಲಾಗಿಲ್ಲ. ತಪ್ಪು ನಡೆದದ್ದು ಅವುಗಳ ಮರೆಯಲ್ಲಿ.

ಹಳೆಯ ಕಾಲ ತೋರಿಸುವ ಚಿತ್ರಗಳಲ್ಲಿ ಎಲ್ಲರೂ ನಿಧಾನವಾಗಿ ನಡೆಯುತ್ತಾರೆ, ತಾವು ಹಿಂದಿನ ಕಾಲದಲ್ಲಿದ್ದೇವೆ ಎಂಬುದು ಅವರಿಗೆ ಮೊದಲೇ ಗೊತ್ತಿದ್ದ ಹಾಗೆ. ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಧೋತರಗಳಿಗೆ ಇಸ್ತ್ರಿ ಆಗಿರುತ್ತದೆ. ಕಂದೀಲಿನ ಗಾಜಿಗೆ ಮಸಿ ಹಿಡಿದಿರುವುದಿಲ್ಲ. ಮಳೆಯಲ್ಲಿ ಹೊಲದಿಂದ ಬಂದವನ ಕಾಲು ತೊಳೆದಿಟ್ಟ ಹಾಗೆ ಇರುತ್ತದೆ — ನಮ್ಮ ಎರೆಮಣ್ಣು ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ ಎಂದು ಆ ವೇಷ ಹಾಕಿದವರಿಗೆ ಯಾರೂ ಹೇಳಿರುವುದಿಲ್ಲ.

ಕಲಾತ್ಮಕ ಚಿತ್ರಗಳ ಬಗ್ಗೆ ನನ್ನ ತಕರಾರು ಬೇರೆ. ನಿಧಾನದ ಬಗ್ಗೆ ಅಲ್ಲ. ನೆಲೋಗಿಯಲ್ಲಿ ಹುಟ್ಟಿ, ಜೇವರ್ಗಿ ಬಸ್ಸಿಗೆ ಕಾಯುತ್ತಲೇ ಬೆಳೆದವನಿಗೆ ನಿಧಾನದ ಹೆದರಿಕೆ ಇಲ್ಲ. ಒಬ್ಬ ಹೆಂಗಸು ರೊಟ್ಟಿ ಬಡಿಯುವುದನ್ನು ಕ್ಯಾಮೆರಾ ಕೊನೆತನಕ ನೋಡಿದರೆ ನಾನೂ ನೋಡುತ್ತೇನೆ. ನನ್ನ ತಕರಾರು ಮೌನದ ಬಗ್ಗೆ. ಆ ಚಿತ್ರಗಳಲ್ಲಿ ನಮ್ಮ ಕಡೆಯ ಜನ ಮಾತೇ ಆಡುವುದಿಲ್ಲ. ಗೋಡೆಗೆ ಒರಗಿ ದೂರ ನೋಡುತ್ತಾರೆ. ಜೇವರ್ಗಿ ಬಸ್ ನಿಲ್ದಾಣದಲ್ಲಿ ಬಾಯಿ ಮುಚ್ಚಿ ಕೂತ ಒಬ್ಬನನ್ನು ತೋರಿಸಿ — ಹತ್ತಿರ ಹೋಗಿ ನೋಡಿದರೆ ಅವನ ಬಾಯಲ್ಲಿ ಎಲೆ ಅಡಿಕೆ ಇರುತ್ತದೆ, ಅಷ್ಟೇ.

ಈ ಅಭಿಪ್ರಾಯಗಳನ್ನು ಹೊತ್ತುಕೊಂಡು ನಾನು ಆ ಚಿತ್ರಕ್ಕೆ ಹೋದೆ. ಚಿತ್ರದ ಹೆಸರು ಬೇಡ. ನಿಜಾಮರ ಆಳ್ವಿಕೆಯ ಕೊನೆಯ ದಿನಗಳ ಕತೆ. ಅಫಜಲಪುರದ ಕಡೆಯ ಒಬ್ಬ ದೊಡ್ಡ ಜಮೀನ್ದಾರ, ಅವನ ವಾಡೆ, ಅವನ ಸಾವು. ಬೆಂಗಳೂರಿನಿಂದ ಬಂದ ತಂಡ ನದಿಯ ದೃಶ್ಯಗಳನ್ನು ಸೊನ್ನದಲ್ಲಿ ತೆಗೆದಿತ್ತು. ಕತೆಯ ಕಾಲಕ್ಕೆ ಬೇಸಿಗೆಯ ಭೀಮಾ ನದಿ ಮರಳಾಗಿರಬೇಕು. ಚಿತ್ರದಲ್ಲಿ ಎಷ್ಟೋ ವರ್ಷ ಆಮೇಲೆ ಕಟ್ಟಿದ ಸೊನ್ನ ಬ್ಯಾರೇಜಿನ ಹಿನ್ನೀರು ಕಣ್ಣು ಹಾಯುವವರೆಗೂ ತುಂಬಿ ನಿಂತಿತ್ತು. ವಾಡೆಯ ಒಳಗಿನ ದೃಶ್ಯಗಳಿಗೆ ಮಾದನಹಿಪ್ಪರಗಾದ ಒಂದು ಹಳೆಯ ಮನೆಯನ್ನು ಬಳಸಿದ್ದರು, ಗುಂಪಿನ ದೃಶ್ಯಗಳಿಗೆ ಆ ಊರಿನವರನ್ನೇ ಕೂರಿಸಿದ್ದರು. ಸುಳ್ಳು ಎಂದು ಬೆರಳು ಮಾಡಿ ತೋರಿಸಲು ಆ ಚಿತ್ರದಲ್ಲಿ ಬೇಕಾದಷ್ಟಿತ್ತು.

ನಾನು ಬೆರಳು ಮಾಡಿದ್ದು ಅದರಲ್ಲಿದ್ದ ಒಂದೇ ನಿಜದ ಕಡೆಗೆ.

ಪತ್ರಕರ್ತರಿಗಾಗಿ ಕಲಬುರಗಿಯ ಒಂದು ಚಿತ್ರಮಂದಿರದಲ್ಲಿ ಬೆಳಗಿನ ಪ್ರದರ್ಶನ ಇಟ್ಟಿದ್ದರು. ನನ್ನ ಪಕ್ಕದಲ್ಲಿ ನಮ್ಮ ಪತ್ರಿಕೆಯ ಫೋಟೊಗ್ರಾಫರ್ ಖಾಜಾ ಕೂತಿದ್ದ. ಅರ್ಧದವರೆಗೆ ಇಬ್ಬರೂ ಪಿಸುಮಾತಿನಲ್ಲಿ ನಗುತ್ತಿದ್ದೆವು. ಆಮೇಲೆ ಜಮೀನ್ದಾರ ಸತ್ತ. ನಮ್ಮಲ್ಲಿ ಮಾಡುವ ಹಾಗೆಯೇ ಶವವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ. ಹೆಂಗಸರ ಗುಂಪಿನಿಂದ ಒಬ್ಬರು ಮುಂದೆ ಸರಿದು ಶವದ ಮೊಣಕಾಲು ಹಿಡಿದರು. ಹಾಡಿಕೊಂಡು ಅಳಲು ಶುರು ಮಾಡಿದರು.

"ಯಾರ ಮುಂದ ಕುಂಡ್ರಲೇ ನನ್ನಕ್ಕಾ, ಯಾರ ಕೈಯಾಗ ತಲಿ ಕೊಡಲೇ. ಎಣ್ಣಿ ಹಚ್ಚಿ ಹಿಕ್ಕಾಕಿ ಎದ್ದು ಹೋದೆಲ್ಲೇ, ಬಿಚ್ಚಿದ ಹೆಳಲ ಹಂಗ ಬಿಟ್ಟು…"

ಸತ್ತವನು ಮೀಸೆಯ ಗಂಡಸು. ಹಾಡು ಅಕ್ಕನ ಮೇಲೆ, ತಲೆ ಬಾಚುತ್ತಿದ್ದ ಅಕ್ಕನ ಮೇಲೆ. ಅದು ಏನೆಂದು ನನಗೆ ಆ ಕ್ಷಣವೇ ಗೊತ್ತಾಯಿತು.

ನೆಲೋಗಿಯಲ್ಲಿ ನಮ್ಮ ಅಪ್ಪ ತೀರಿಕೊಂಡಾಗ ನೆರೆಮನೆಯ ಬಸಮ್ಮ ಬಂದು ಅಪ್ಪನ ಪಾದ ಹಿಡಿದು ತನ್ನ ಸತ್ತ ಮಗನಿಗಾಗಿ ಅತ್ತಿದ್ದಳು. ಮಗನ ಹೆಸರು ಹೇಳಿ ಅತ್ತಿದ್ದಳು. ನಮ್ಮ ತಾಯಿ ಅವಳನ್ನು ತಡೆಯಲಿಲ್ಲ, ಅವಳ ಬೆನ್ನ ಮೇಲೆ ಕೈ ಇಟ್ಟು ತಾನೂ ದನಿ ಕೂಡಿಸಿದಳು. ನಮ್ಮ ಕಡೆ ಹಾಗೆಯೇ. ಹೆಣ ಒಂದು ಮನೆಯದು, ಅಳುವವರು ತಮ್ಮ ತಮ್ಮವರನ್ನು ಅಳುತ್ತಾರೆ. ಅದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ. ಇದನ್ನು ಹೊರಗಿನ ನಿರ್ದೇಶಕ ಬರೆದಿರಲು ಸಾಧ್ಯವಿರಲಿಲ್ಲ. ಆ ಹೆಣ್ಣುಮಗಳು ಕ್ಯಾಮೆರಾ ಮರೆತು ತನ್ನ ಅಕ್ಕನನ್ನು ಅಳುತ್ತಿದ್ದಾಳೆ ಎಂಬುದು ಆ ಚಿತ್ರಮಂದಿರದಲ್ಲಿ ಬೇರೆ ಯಾರಿಗೆ ಗೊತ್ತಾಯಿತೋ — ನನಗಂತೂ ಗೊತ್ತಾಯಿತು.

ಮತ್ತು ನಾನು ಅತ್ತೆ. ಕಣ್ಣು ಒದ್ದೆಯಾಯಿತು ಎಂದು ಬರೆದು ಮುಗಿಸಬಹುದು. ಆದರೆ ಆದದ್ದು ಅಷ್ಟೇ ಅಲ್ಲ. ಗಂಟಲಿನಿಂದ ದನಿ ಬಂತು. ಮುಂದಿನ ಸಾಲಿನಲ್ಲಿದ್ದ ಇನ್ನೊಂದು ಪತ್ರಿಕೆಯವರು ಹಿಂದೆ ತಿರುಗಿ ನೋಡಿದರು.

ಖಾಜಾ ಬಗ್ಗಿದ. "ಕ್ಯಾ ಸಾಬ್, ಎಸಿ ಒಳಗಿಂದ ಧೂಳ ಬರಾಕತ್ತದೇನ್ರಿ?"

ತಮಾಷೆ. ಅವನ ಕಣ್ಣೂ ಒಣಗಿರಲಿಲ್ಲ. ಆದರೆ ನನಗೆ ಸಿಟ್ಟು ಬಂತು — ಅವನ ಮೇಲಲ್ಲ. ಇಸ್ತ್ರಿ ಧೋತರದ ಒಂದು ಚಿತ್ರ ನನ್ನನ್ನು ನಾಲ್ಕು ಜನರ ಮುಂದೆ ಅಳಿಸಿತಲ್ಲ ಎಂಬ ಸಿಟ್ಟು. ಹೊರಗೆ ಬಂದಾಗ ಆ ಇನ್ನೊಂದು ಪತ್ರಿಕೆಯವರು ನಗುತ್ತಾ ಕೇಳಿದರು, "ಏನ್ರಿ, ಭಾಳ ಹಿಡಿಸಿದಂಗ ಕಾಣಸ್ತದಲ್ಲ?" ನಾನು "ನಾಳೆ ಓದ್ರಿ" ಎಂದೆ. ಆ ಹೊತ್ತಿಗೆ ಏನು ಬರೆಯಬೇಕೆಂದು ನಿರ್ಧಾರವಾಗಿಬಿಟ್ಟಿತ್ತು.

ಬರೆದ ಪ್ಯಾರಾ ಇದು:

"ಜಮೀನ್ದಾರನ ಶವದ ಮುಂದಿನ ಅಳುವಿನ ದೃಶ್ಯವೇ ಈ ಚಿತ್ರದ ಹುಸಿತನಕ್ಕೆ ಸಾಕ್ಷಿ. ಶವ ಗಂಡಸಿನದು, ಹಾಡು ತಲೆ ಬಾಚುವ ಅಕ್ಕನದು. ಈ ನೆಲದವನಾಗಿ ಹೇಳುತ್ತೇನೆ, ನಮ್ಮ ಹೆಣ್ಣುಮಕ್ಕಳು ಹೀಗೆ ಅಳುವುದಿಲ್ಲ. ಇದು ಹೇಳಿಕೊಟ್ಟ ಅಳು."

ಈ ನೆಲದವನಾಗಿ — ಆ ಎರಡು ಪದಗಳೇ ಹೆಚ್ಚು ಕೆಲಸ ಮಾಡಿದವು. ಬೆಂಗಳೂರಿನ ವಿಮರ್ಶಕ ಇದನ್ನು ಬರೆದಿದ್ದರೆ ಮಾದನಹಿಪ್ಪರಗಾದಲ್ಲಿ ಜನ ನಕ್ಕು, ಅವನಿಗೇನು ಗೊತ್ತು ಎಂದು ಬಿಡುತ್ತಿದ್ದರು. ಬರೆದವನು ನೆಲೋಗಿಯವನು. ಹಾಗಾಗಿ ನಂಬಿದರು.

ಪುಟ ಅಚ್ಚಿಗೆ ಹೋಗುವ ಮೊದಲು ಖಾಜಾ ನನ್ನ ಹೆಗಲ ಮೇಲಿಂದ ಬಗ್ಗಿ ಪರದೆಯ ಮೇಲೆ ಓದಿದ.

"ಸಾಬ್, ನಾವಿಬ್ರೂ ಒಂದ ಪಿಕ್ಚರ್ ನೋಡೀವಲ್ರಿ?"

"ಹೋಗೋ, ನಿನ್ನ ಫೋಟೊ ಕಳಿಸು ಮೊದಲು," ಎಂದೆ.

ಅಲ್ಲಿ ನಿಲ್ಲಿಸಬಹುದಿತ್ತು. ಪ್ಯಾರಾ ತೆಗೆಯಲು ಒಂದು ಕ್ಷಣ ಸಾಕಿತ್ತು, ಕೈ ಕೀಲಿಮಣೆಯ ಮೇಲೇ ಇತ್ತು. ತೆಗೆಯಲಿಲ್ಲ. ಮರುದಿನ ಸಂಪಾದಕರು "ಖಡಕ್ ಬರದೀರಿ" ಎಂದರು. ನನಗೆ ಸಂತೋಷವಾಯಿತು. ಇದನ್ನೂ ಬರೆಯಬೇಕು — ಸಂತೋಷವಾಯಿತು.

ಆ ಹೆಣ್ಣುಮಗಳು ಯಾರು ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಲೂ ಇಲ್ಲ. ಸುದ್ದಿಯಾಗಿದ್ದರೆ ಕೇಳದೆ ಬರೆಯುತ್ತಿರಲಿಲ್ಲ; ಅಭಿಪ್ರಾಯಕ್ಕೆ ಆ ಕಷ್ಟ ಬೇಕಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಳಂದದಿಂದ ನಮ್ಮ ವರದಿಗಾರ ಶಿವಶರಣಪ್ಪ ಫೋನ್ ಮಾಡಿದರು. ಬಸ್ ಅಪಘಾತದ ಒಂದು ಸಣ್ಣ ಸುದ್ದಿ ಹೇಳಿದ ಮೇಲೆ ಫೋನ್ ಇಡಲಿಲ್ಲ.

"ಸರ, ನಿಮ್ಮ ಸಿನಿಮಾದ್ದು ಒಂದು ಮಾತಿತ್ರಿ."

"ಹೇಳ್ರಿ."

"ಆ ಅಳೋ ಸೀನಿನಾಗಿನ ಹೆಣ್ಮಗಳು ನಮ್ಮ ಮಾದನಹಿಪ್ಪರಗಾದಾಕಿ ಇದ್ದಾಳ್ರಿ, ಸುಗಲಾಬಾಯಿ ಅಂತ. ಊರಾಗ ಯಾರ ಸತ್ತರೂ ಹಾಡು ಎತ್ತಾಕಿ ಆಕಿನ. ನೀವ ಬರದಿದ್ದು ಚಹಾದಂಗಡ್ಯಾಗ ಓದಿ ಓದಿ ಪೇಪರ್ ಹರದದ. 'ಹೇಳಿಕೊಟ್ಟ ಅಳು' ಅಂತನ ಹೆಸರಿಟ್ಟಾರ್ರಿ ಆಕಿಗೆ."

ನಾನು ಏನೋ ಒಂದು ಹೇಳಿದೆ. ಜನರ ಬಾಯಿ, ಸ್ವಲ್ಪ ದಿನದ ಮಾತು, ಅಂಥದ್ದು.

"ಅಷ್ಟ ಅಲ್ರಿ. ಮೊನ್ನೆ ಒಬ್ರು ತೀರಿಕೊಂಡ್ರು. ಈಕಿ ಹೋಗಿ ಬಾಯಿ ತೆರೆಯೋದ ತಡ, ಹಿಂದ ಯಾವಳೋ ಅಂದಳಂತ, 'ಕ್ಯಾಮೆರಾ ಎಲ್ಲಿಟ್ಟೀ ಬೇ?' ಸಾವಿನ ಮನ್ಯಾಗ ನಗೀ ಆತ್ರಿ. ಸುಗಲಾಬಾಯಿ ಎದ್ದು ಮನಿಗೆ ಹೋದಳು." ಆಮೇಲೆ ಅವರು ಹಿಂಜರಿಯುತ್ತಾ ಕೇಳಿದರು, "ಒಂದು ತಿದ್ದುಪಡಿ ಹಾಕಾಕ ಬರ್ತದೇನ್ರಿ?"

ಪತ್ರಿಕೆಯಲ್ಲಿ ತಿದ್ದುಪಡಿಗೆ ಒಂದು ಪದ್ಧತಿ ಇದೆ. ಹೆಸರು ತಪ್ಪಾದರೆ, ಊರು ತಪ್ಪಾದರೆ, ಸತ್ತವರ ವಯಸ್ಸು ತಪ್ಪಾದರೆ ಮರುದಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ. ಅಭಿಪ್ರಾಯಕ್ಕೆ ತಿದ್ದುಪಡಿ ಇಲ್ಲ. ಅಭಿಪ್ರಾಯ ತಪ್ಪಾಗುವುದಿಲ್ಲ, ಅದು ಬರೆದವನದು ಮಾತ್ರ. ಈ ಪದ್ಧತಿಯನ್ನು ನಾನು ಎಷ್ಟೋ ಹೊಸಬರಿಗೆ ಹೇಳಿಕೊಟ್ಟಿದ್ದೆ.

"ಅಭಿಪ್ರಾಯಕ್ಕ ತಿದ್ದುಪಡಿ ಹಾಕೋ ಪದ್ಧತಿ ಇಲ್ರಿ, ಶಿವಶರಣಪ್ಪ," ಎಂದೆ.

"ಹೌದ್ರಿ," ಎಂದು ಅವರು ಫೋನ್ ಇಟ್ಟರು.

ಮೊದಲನೆಯ ಸುಳ್ಳಿಗಿಂತ ಈ ಮಾತು ನನ್ನನ್ನು ಹೆಚ್ಚು ದಣಿಸಿದೆ. ಸುಳ್ಳು ಬರೆದಾಗ ಸುಗಲಾಬಾಯಿಯ ಹೆಸರು ಗೊತ್ತಿರಲಿಲ್ಲ. ಈ ಮಾತು ಆಡಿದಾಗ ಗೊತ್ತಿತ್ತು. ನಾನು ಬರೆದದ್ದು ಅಭಿಪ್ರಾಯವೂ ಆಗಿರಲಿಲ್ಲ — ನನ್ನ ಅಭಿಪ್ರಾಯ ಆ ಚಿತ್ರಮಂದಿರದಲ್ಲಿ ದನಿ ತೆಗೆದು ಅತ್ತಿತ್ತು. ಅದರ ವಿರುದ್ಧವಾದದ್ದನ್ನು ಬರೆದು, ಅದಕ್ಕೆ ಅಭಿಪ್ರಾಯ ಎಂದು ಹೆಸರಿಟ್ಟು, ಆ ಹೆಸರಿನ ಹಿಂದೆ ಕೂತೆ.

ಆಮೇಲೂ ಸಿನಿಮಾ ಪುಟ ನಡೆಸಿದೆ. ವಾಡೆಗಳು ಬಂದವು, ಕಂದೀಲುಗಳು ಬಂದವು. ಬೆಳಕಿನ ಬಗ್ಗೆ ಬರೆದೆ, ಉಡುಪಿನ ಬಗ್ಗೆ ಬರೆದೆ. ಮನುಷ್ಯರ ಮುಖದ ಬಗ್ಗೆ ಬರೆಯುವುದನ್ನು ತಪ್ಪಿಸಿದೆ. ಯಾರೂ ಗಮನಿಸಲಿಲ್ಲ. ನಿವೃತ್ತನಾದೆ.

ಕಳೆದ ವರ್ಷ ಆ ಚಿತ್ರ ಫೋನಿನಲ್ಲಿ ನೋಡಲು ಸಿಕ್ಕಿತು. ಒಬ್ಬನೇ ಕೂತು ನೋಡಿದೆ. ಧೋತರ ಈಗಲೂ ಇಸ್ತ್ರಿಯದೇ, ಹಿನ್ನೀರು ಈಗಲೂ ತುಂಬಿಯೇ ಇತ್ತು. ಆ ದೃಶ್ಯವೂ ಹಾಗೆಯೇ ಇತ್ತು. ಕೊನೆಯಲ್ಲಿ ಹೆಸರುಗಳು ಸರಿದವು. ಅಡುಗೆಯವರ ಹೆಸರಿತ್ತು, ಜನರೇಟರಿನವರ ಹೆಸರಿತ್ತು. ಸುಗಲಾಬಾಯಿಯ ಹೆಸರು ಇರಲಿಲ್ಲ. "ಮಾದನಹಿಪ್ಪರಗಾದ ಗ್ರಾಮಸ್ಥರು" ಎಂದಿತ್ತು.

ಮರುವಾರ ಆಳಂದಕ್ಕೆ ಹೋಗಿ, ಅಲ್ಲಿಂದ ಮಾದನಹಿಪ್ಪರಗಾದ ಬಸ್ಸು ಹತ್ತಿದೆ. ಶಿವಶರಣಪ್ಪ ಜೊತೆಗೆ ಬಂದರು.

ಸುಗಲಾಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಚಿತ್ರದಲ್ಲಿ ಕಂಡದ್ದಕ್ಕಿಂತ ಸಣ್ಣ ವಯಸ್ಸಿನವರಂತೆ ಕಂಡರು, ಅಗಲವಾದ ಮುಖ. ಶಿವಶರಣಪ್ಪ ನಾನು ಯಾರೆಂದು ಹೇಳಿದರು. ಅವರು ಮೊರ ಕೆಳಗಿಟ್ಟು ನನ್ನನ್ನು ನೋಡಿದರು.

"ಪೇಪರಿನ್ಯಾಗ ಬರದಾವ್ರು ನೀವೇನ್ರಿ?"

"ಹೌದ್ರಿ."

"ಮತ್ತ ಇಷ್ಟ ವರ್ಷ ಎಲ್ಲಿದ್ರಿ? ಬಸ್ ಸಿಗಲಿಲ್ಲೇನು?"

ಒಳಗಿನಿಂದ ಅವರ ಸೊಸೆ ನಕ್ಕಿದ್ದು ಕೇಳಿಸಿತು. ನಾನು ನಿಂತೇ ಇದ್ದೆ. "ಕುಂಡ್ರಿ, ನಿಂತರ ಬರದಿದ್ದು ಅಳಸಾಂಗಿಲ್ಲ," ಎಂದರು. ಕೂತೆ.

ಹೇಳಬೇಕಾದ್ದನ್ನು ಹೇಳಿದೆ — ಚಿತ್ರಮಂದಿರದಲ್ಲಿ ಅತ್ತದ್ದು, ನಾಚಿಕೆಯಾದದ್ದು, ಅದನ್ನು ಮುಚ್ಚಲು ಅವರನ್ನು ಸುಳ್ಳು ಎಂದು ಬರೆದದ್ದು, ಸುದ್ದಿ ತಿಳಿದ ಮೇಲೂ ಸುಮ್ಮನಿದ್ದದ್ದು. ವರದಿ ಓದಿದ ಹಾಗೆ ಹೇಳಿದೆ. ನನಗೆ ಬೇರೆ ರೀತಿ ಬರುವುದಿಲ್ಲ.

ಅವರು ತಮ್ಮ ಅಕ್ಕನ ಬಗ್ಗೆ ಹೇಳಿದರು. ಮಾಂತಮ್ಮ ಎಂದು ಹೆಸರು, ಜೇವರ್ಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ತಾಯಿ ಹೊಲಕ್ಕೆ ಹೋದರೆ ತಂಗಿಯನ್ನು ಸಾಕಿದವಳು ಅವಳೇ. ಸತ್ತ ಸುದ್ದಿ ಬಂದು, ಬಸ್ಸು ಬದಲಿಸಿ ಇವರು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಮುಗಿದಿತ್ತು.

"ಹಸಿ ಮಣ್ಣ ನೋಡಿ ಬಂದೆ. ಮಣ್ಣಿನ ಮುಂದ ಹ್ಯಾಂಗ ಹಾಡ್ಯಾಡಿ ಅಳಬೇಕ್ರಿ? ಎದುರಿಗೆ ಅಕ್ಕನ ಮಾರಿ ಕಾಣಬೇಕಲ್ಲ. ಊರಾಗ ಎಲ್ಲಾರಿಗೂ ಅತ್ತೇನಿ, ನಮ್ಮಕ್ಕಗ ಅತ್ತಿದ್ದಿಲ್ಲ." ಮೊರ ಮತ್ತೆ ಕೈಗೆತ್ತಿಕೊಂಡು ಹೇಳಿದರು, "ಸಿನಿಮಾದವ್ರು ಬಂದು ಆ ವೇಷದಾಂವನ್ನ ಗ್ವಾಡಿಗೆ ಕುಂಡ್ರಿಸಿದ್ರು. ಕಣ್ಣ ಮುಚ್ಚಿದ್ದ, ಹಣಿತುಂಬ ವಿಭೂತಿ. ನಾ ಅವನ ಮೀಸಿ ನೋಡಲಿಲ್ರಿ. ಅಕ್ಕ ಕುಂತಂಗ ಕಂಡಳು. ಹಿಂದ 'ಕಟ್, ಕಟ್' ಅಂತ ಒದರಾಕತ್ತಿದ್ರಂತ, ನನಗ ಕೇಳಿಲ್ಲ. ಕಡೀಕ ನೋಡ್ತೇನಿ, ಆ ಹೆಣಾನೂ ಅಳಾಕತ್ತದ!"

ಸೊಸೆ ಚಹಾ ತಂದು ಇಡುತ್ತಾ ಸೇರಿಸಿದರು, "ಅವನ ವಿಭೂತಿ ಎಲ್ಲಾ ಇಳದು ಮೀಸಿಗೆ ಬಂದಿತ್ರಿ. ಮತ್ತ ಬಳದು ಕುಂಡ್ರಿಸಿದ್ರು."

ನಾವೆಲ್ಲ ನಕ್ಕೆವು. ಸುಗಲಾಬಾಯಿಯೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

"ಖರೇನ ಅತ್ರೇನ್ರಿ ನೀವು?"

"ಹೌದ್ರಿ, ಅತ್ತೇನಿ."

"ಹಂಗಾರ ಅತ್ತೆ ಅಂತ ಬರದಿದ್ರ ಮುಗೀತಿತ್ತಲ್ರಿ. ಅದರಾಗೇನು ನಿಮಗ ಕಷ್ಟ ಇತ್ತು?"



ಕ್ಷಮೆ ಕೇಳಿದೆ. ಅವರು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಎರಡು ವರ್ಷದ ಹಿಂದೆ ತಮ್ಮ ತಾಯಿ ತೀರಿಕೊಂಡರು ಎಂದರು. "ಹಡೆದಾಕಿ ಮುಂದ ಬಾಯಿ ಮುಚ್ಚಿ ಕುಂತೆ. ಮಂದಿ ನಗ್ತಾರ ಅಂತಲ್ರಿ, ಮಂದಿ ಮರತಾರ. ನಾ ಬಾಯಿ ತೆರದರ ಸಾಕು, ನಾನ ನನ್ನ ದೂರ ನಿಂತು ನೋಡಾಕತ್ತಂಗ ಆಗ್ತದ. ಖರೇ ಅಳ್ತೇನೋ, ಸುಳ್ಳ ಅಳ್ತೇನೋ ಅಂತ. ಹಂಗ ನೋಡಾಕತ್ತರ ಹಾಡು ಬರಾಂಗಿಲ್ಲ."

ಚಹಾ ಆರಿತ್ತು. ಕುಡಿದೆ.

ಎದ್ದು ಹೊರಡುವಾಗ, ಇದನ್ನು ಬರೆಯಲೇ ಎಂದು ಕೇಳಿದೆ. "ಬರೀರಿ. ಹೆಸರ ಹಾಕಿ ಬರೀರಿ. ಅವಾಗ ಹೆಸರಿಲ್ದ ಬರದ್ರಿ, ಹೆಸರ ಮಂದಿ ಇಟ್ಟರು," ಎಂದರು. ಅಕ್ಕನ ಹೆಸರೂ ಹಾಕಬೇಕು ಎಂದರು. ಎರಡೂ ಹಾಕಿದ್ದೇನೆ.

ಮೊದಲು ಹಳೆಯ ಪತ್ರಿಕೆಗೇ ಕಳಿಸಿದೆ. ಈಗಿನ ಸಂಪಾದಕರು ನನ್ನ ಕೈಕೆಳಗೆ ಕೆಲಸ ಕಲಿತವರು. ಗೌರವದಿಂದಲೇ ಫೋನ್ ಮಾಡಿದರು. "ಸರ, ಅಭಿಪ್ರಾಯಕ್ಕ ತಿದ್ದುಪಡಿ ಹಾಕೋ ಪದ್ಧತಿ ಇಲ್ಲ ಅಂತ ನೀವ ಕಲಿಸೀರಲ್ರಿ." ಹೌದು ಎಂದೆ. ಹಾಗಾಗಿ ಇದು ಇಲ್ಲಿ, ನಿಮ್ಮ ಮುಂದೆ ಇದೆ. ಆ ಪ್ಯಾರಾದ ಮೂರನೆಯ ವಾಕ್ಯವನ್ನು ಹೀಗೆ ಓದಿಕೊಳ್ಳಬೇಕು: ನಮ್ಮ ಹೆಣ್ಣುಮಕ್ಕಳು ಹೀಗೆಯೇ ಅಳುತ್ತಾರೆ. ಮೊದಲನೆಯ ಮತ್ತು ನಾಲ್ಕನೆಯ ವಾಕ್ಯಗಳನ್ನು ತೆಗೆದುಹಾಕಬೇಕು. ಚಿತ್ರದ ಬಗ್ಗೆ ನಾನು ಬರೆದ ಉಳಿದ ಮಾತುಗಳಿಗೆ ಈಗಲೂ ನಾನು ಬದ್ಧ.

ಇದರ ಕರಡನ್ನು ಶಿವಶರಣಪ್ಪ ಮಾದನಹಿಪ್ಪರಗಾಕ್ಕೆ ಒಯ್ದು, ಸುಗಲಾಬಾಯಿಯ ಮನೆಯಲ್ಲಿ ಮೊದಲು ಓದಿ, ಆಮೇಲೆ ಅವರ ಒಪ್ಪಿಗೆಯಿಂದ ಅದೇ ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿದರು. ಅಂಗಡಿಯಲ್ಲಿ ಯಾರೂ ಏನೂ ಅನ್ನಲಿಲ್ಲ ಎಂದು ತಿಳಿಸಿದರು.

ಕಳೆದ ವಾರ ಅವರ ಫೋನ್ ಬಂದಿತ್ತು. ಸುಗಲಾಬಾಯಿಯ ಓಣಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದರು. ಸುಗಲಾಬಾಯಿ ಹೋಗಿದ್ದರು. ಹೆಂಗಸರು ಸರಿದು ಮುಂದೆ ಜಾಗ ಬಿಟ್ಟರು. ಅವರು ಮುಂದೆ ಹೋಗಿ ಕೂತು, ಸತ್ತವರ ಮೊಣಕಾಲ ಮೇಲೆ ಕೈ ಇಟ್ಟು, ಮಣ್ಣಿಗೆ ಒಯ್ಯುವವರೆಗೂ ಕೂತಿದ್ದರು. ಹಾಡು ಎತ್ತಿದ್ದು ಬೇರೆಯವರು.